ನೊರೆ ತುಂಬಿದ ಗೋಡೆ

“ಆ ಟೊಳ್ಳಿಗೆ ನೊರೆ ತುಂಬಬೇಡ ತಮ್ಮಾ. ಒಳಗೆ ಬಾಣಂತಿಯರಿದ್ದಾರೆ.”

ಪಕ್ಕದ ಮನೆಯ ಮುದುಕಿ ಗೇಸ್ಕೆಯ ಮಾತಿಗೆ ವೀಬ್ರಂಡ್ ಏಣಿಯ ಮೇಲಿಂದಲೇ ನಕ್ಕ. ಗ್ರೊನಿಂಗನ್ ಊರಿಗೆ ಅವನು ಹೊಸಬ. ಚಳಿ ನುಗ್ಗದಂತೆ ಮನೆಗಳ ಜೋಡಿಗೋಡೆಯ ನಡುವೆ ನೊರೆ ತುಂಬುವುದು ಅವನ ಕಸುಬು.

“ಬಾಣಂತಿಯರಾ? ಮತ್ತೆ ಸೋಂಪಿನ ರಸ್ಕ್ ಎಲ್ಲಿ ಅಜ್ಜಿ? ಮಗು ಹುಟ್ಟಿದ್ರೆ ಬೀದಿಗೆಲ್ಲ ಹಂಚಬೇಕಲ್ಲ!”

ಗೇಸ್ಕೆ ನಗಲಿಲ್ಲ. “ಬಾವಲಿ ಕಣೋ. ಮರಿಗಳಿಗೆ ಇನ್ನೂ ಹಾರೋಕೆ ಬರಲ್ಲ. ಆಗಸ್ಟ್ ಕಳೀಲಿ. ಈ ಸಾಲುಮನೆ ಕಟ್ಟಿದಾಗ ನನ್ನಜ್ಜಿ ಗೋಡೆಯೊಳಗೆ ಮಗುವಿನ ಮರದ ಪಾದರಕ್ಷೆ, ಎಳೆಗೂದಲು ಇಟ್ಟು ಮಾಟ ಮಾಡಿದ್ಲು. ಒಳಗಿರೋರ ದನಿ ಅಡಗಿಸಿದವನ ದನಿ ಯಾವ ಮನುಷ್ಯರ ಕಿವಿಗೂ ಬೀಳಬಾರದು ಅಂತ.”

“ಅಷ್ಟೇನಾ? ನನ್ನ ಬಾಯಿ ಮುಚ್ಚಿಸಿದ್ರೆ ನನ್ನ ಹೆಂಡತಿ ನಿಮ್ಮಜ್ಜಿಗೆ ಹೂಗುಚ್ಛ ಕಳಿಸ್ತಾಳೆ ಬಿಡಿ.”

ಡ್ರಿಲ್ ಗೋಡೆಯನ್ನು ಕೊರೆಯಿತು. ರಂಧ್ರದಿಂದ ಬೆಚ್ಚನೆಯ ಗಾಳಿ ಬಂತು, ಹಳೆಯ ಮೂತ್ರದ ಘಾಟು ಹೊತ್ತು. ಡ್ರಿಲ್ಲಿನ ತುದಿಗೆ ಮರದ ಒಂದು ಚೂರು, ಗಂಟು ಹಾಕಿದ ಎಳೆಗೂದಲು ಸಿಕ್ಕಿಕೊಂಡಿದ್ದವು. ಅವನು ಉಫ್ ಎಂದು ಊದಿ ಕೊಳವೆ ಸಿಕ್ಕಿಸಿದ.

ನೊರೆ ಬುಸುಗುಟ್ಟಿತು. ಐದನೆಯ ರಂಧ್ರದ ಹೊತ್ತಿಗೆ ಒಳಗೆ ಪರಪರ ಸದ್ದು, ಕಾಗದದ ಮೇಲೆ ಉಗುರು ಎಳೆದಂತೆ. ಎಂಟನೆಯದಕ್ಕೆ ಅದು ಮೇಲೇರಿ ಸೂರಿನ ಕೆಳಗೆ ಒತ್ತೊತ್ತಾಗಿ ಸೇರಿಕೊಂಡಿತು. ಹನ್ನೆರಡನೆಯದಕ್ಕೆ ನಿಂತಿತು.

ಸಂಜೆ ಏಣಿ ಮಡಚುವಾಗ ಅವನ ನಾಲಗೆಯ ಮೇಲೆ ನೊರೆಯ ಕಹಿಯಿತ್ತು. ಫೋನ್ ರಿಂಗಾಯಿತು. ರೋಟರ್‌ಡ್ಯಾಮಿನಿಂದ ಮಗಳು ನಿಂಕೆ. ಊರೂರು ತಿರುಗುವ ಅಪ್ಪನೊಂದಿಗೆ ಮಾತಾಡದೆ ಅವಳು ಊಟಕ್ಕೆ ಕೂರುತ್ತಿರಲಿಲ್ಲ.

“ಪಪ್ಪಾ, ಹಲ್ಲು ಬಿತ್ತು!”

“ಯಾವ ಹಲ್ಲು, ಚಿನ್ನಾ?”

“ಪಪ್ಪಾ? ಮಾತಾಡು!”

ಮಾತಾಡಿದ. ಕೂಗಿದ. ಕತ್ತಿನ ನರ ಉಬ್ಬಿತು. ಗಂಟಲು ಹರಿಯಿತು. ತನ್ನ ಕಿವಿಗೂ ಏನೂ ಬೀಳಲಿಲ್ಲ.

“ಅಮ್ಮಾ, ಆ ಕಡೆ ಯಾರೂ ಇಲ್ಲ...”

ಕರೆ ಕಡಿಯಿತು.

ಗೇಸ್ಕೆ ಕೈಯಲ್ಲೊಂದು ಕಪ್ಪು ಪೆಟ್ಟಿಗೆ ಹಿಡಿದು ಹೊರಬಂದಳು. ಬಾವಲಿಯ ದನಿ ಮನುಷ್ಯರ ಕಿವಿಗೆ ನಿಲುಕದಷ್ಟು ಕೀಚಲು. ಆ ಪೆಟ್ಟಿಗೆ ಅದನ್ನು ಟಿಕ್‌ಟಿಕ್ ಸದ್ದಾಗಿಸುತ್ತಿತ್ತು. ದಿನಾ ಸಂಜೆ ಅವಳು ಹೊರಹಾರುವ ಅರವತ್ತನಾಲ್ಕು ತಾಯಂದಿರನ್ನು ಎಣಿಸುತ್ತಿದ್ದಳು. ಇವತ್ತೂ ಪೆಟ್ಟಿಗೆಯನ್ನು ಗೋಡೆಯತ್ತ ಹಿಡಿದಳು.

ಮೌನ.

ಸೂರಿನ ಸಂದಿನಲ್ಲಿ ಹಳದಿ ನೊರೆ ಗಟ್ಟಿಯಾಗಿತ್ತು. ಅದರಿಂದ ಒಂದು ರೆಕ್ಕೆಯ ತುದಿ ಹೊರಚಾಚಿತ್ತು.

ಟಿಕ್.

ಗೇಸ್ಕೆ ತಿರುಗಿದಳು. ಟಿಕ್, ಟಿಕ್. ಪೆಟ್ಟಿಗೆಯನ್ನು ವೀಬ್ರಂಡನ ಕಡೆ ತಂದಳು. ಅವನ ತೆರೆದ ಬಾಯಿಯ ಮುಂದೆ ಅದು ಹುಚ್ಚೆದ್ದು ಬಡಿದುಕೊಂಡಿತು. ಅವನು ಮಂಡಿಯೂರಿದ. ಅವಳ ಕೋಟಿನ ಅಂಚು ಹಿಡಿದ. ತುಟಿಗಳು ನಿಂಕೆ, ನಿಂಕೆ ಎಂದವು.

ಟಿಕ್‌ಟಿಕ್. ಟಿಕ್‌ಟಿಕ್.

“ಒಂದು ಉಳಿದಿದೆ,” ಎಂದು ಗೋಡೆಗೆ ಹೇಳಿ, ಗೇಸ್ಕೆ ಪೆಟ್ಟಿಗೆಯನ್ನು ಆರಿಸಿದಳು.