ರಿಪೋರ್ಟ್ ಮುಗಿಯುವ ತನಕ ಕಾಫಿ ಇಲ್ಲ

"ಕಾಫಿ ಬೇಡ," ಎಂದಳು ಅಪೇಕ್ಷಾ, ಶೂ ಬಿಚ್ಚುವ ಮೊದಲೇ.

ಸಿಡ್ನಿಯ ಗಿರಾವೀನ್‌ನ ಆ ಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ವಿಶ್ರುತ್‌ನ ಮುಖ ಸಪ್ಪಗಾಯಿತು. ಮನೆ ಪರೀಕ್ಷೆಗೆ ಬರುವವಳು ಮೈಸೂರಿನ ಹುಡುಗಿ ಎಂದು ತಿಳಿದು, ಅಮ್ಮನ ಕೈಲಿ ಹೊಸ ಡಿಕಾಕ್ಷನ್ ಹಾಕಿಸಿದ್ದ ಪಾಪ. ಇವಳಿಗೆಷ್ಟು ಜಂಬ ಎಂದು ಅವನಿಗೆ ಅನ್ನಿಸಿದ್ದು ಹುಬ್ಬಿನಲ್ಲೇ ಕಂಡಿತು.

"ತಪ್ಪು ತಿಳ್ಕೋಬೇಡಿ. ನಾನು ಬೈಯರ್ ಕಡೆಯವಳು. ರಿಪೋರ್ಟ್‌ಗೆ ಸೈನ್ ಹಾಕೋವರೆಗೂ ಸೆಲ್ಲರ್ ಮನೇಲಿ ನೀರೂ ಕುಡಿಯಲ್ಲ. ನನ್ನ ರೂಲ್."

"ಸೈನ್ ಹಾಕಿದ ಮೇಲೆ?"

"ಆಮೇಲೆ ಯಾರೂ ಕೊಡಲ್ಲ."

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಗೋಡೆಯ ಬಿರುಕು ನೋಡಲು ಬಂದವಳು ಅದನ್ನು ನೋಡುತ್ತ ನಿಂತಳು.

ಮನೆ ಕೊಳ್ಳುವವರು ಕೆನಡಾದಿಂದ ಬಂದ ದಂಪತಿ. ಗೆದ್ದಲು, ತೇವದ ಜೊತೆ ರೇಡಾನ್ ಪರೀಕ್ಷೆಯೂ ಬೇಕೆಂದು ಹಟ ಹಿಡಿದಿದ್ದರು. ನೆಲದಿಂದ ಸದ್ದಿಲ್ಲದೆ ಮೇಲೆ ಬರುವ ಅನಿಲ ಅದು. ಬಣ್ಣವಿಲ್ಲ, ವಾಸನೆಯಿಲ್ಲ, ಹೆಚ್ಚಾದರೆ ಶ್ವಾಸಕೋಶಕ್ಕೆ ಅಪಾಯ. ಸಿಡ್ನಿಯಲ್ಲಿ ಅದನ್ನು ಕೇಳುವವರೇ ಅಪರೂಪ.

ಕೆಳಗಿನ ಕೋಣೆಯಲ್ಲಿ ಅಂಗೈಯಗಲದ ಮೀಟರ್ ಇಟ್ಟು ಅವಳು ಹೇಳಿದಳು: "ನಲವತ್ತೆಂಟು ಗಂಟೆ ಕಿಟಕಿ ತೆಗೀಬೇಡಿ. ಇದನ್ನ ಮುಟ್ಟಬೇಡಿ. ಸರಿಸಿದ್ರೆ ಅದನ್ನೂ ಬರ್ಕೊಳ್ಳುತ್ತೆ."

"ಚಾಡಿಕೋರ ಮೀಟರ್ ಅನ್ನಿ," ಎಂದ ವಿಶ್ರುತ್.

ಗೋಡೆ ತಟ್ಟುತ್ತ ಹೋದವಳ ಹಿಂದೆಯೇ ಬಂದು ಅವನು ತನ್ನ ಕಥೆಯನ್ನೂ ಹೇಳಿದ. ಮುಂದಿನ ವಾರ ಮೆಲ್ಬರ್ನ್‌ನಲ್ಲಿ ಹೊಸ ಕೆಲಸ. ಇದು ಮಾರಾಟವಾದರೆ ಮಾತ್ರ ಅಲ್ಲಿನ ವೆರಿಬೀ ಬಡಾವಣೆಯಲ್ಲಿ ನೋಡಿಟ್ಟ ಮನೆ ಅಮ್ಮನಿಗೂ ಅವನಿಗೂ ಸಿಗುತ್ತದೆ. ಕರಾರು ಆಗಿದೆ, ಆದರೆ ಶುಕ್ರವಾರ ಸಂಜೆ ಐದರವರೆಗೆ ಕೊಳ್ಳುವವರು ಹಿಂದೆ ಸರಿಯಬಹುದು. ಅಷ್ಟರೊಳಗೆ ಅವಳ ರಿಪೋರ್ಟ್ ಬರಬೇಕು.

ತಿಂಗಳಲ್ಲಿ ಎರಡು ವಾರ ತನಗೂ ಮೆಲ್ಬರ್ನ್‌ನಲ್ಲೇ ಕೆಲಸ ಎಂದು ಹೇಳಲು ಅವಳ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಅದೂ ರೂಲ್.

ಗುರುವಾರ ಸಂಜೆ ಮರಳಿ ಬಂದಾಗ, ಕಾರಿನ ಕನ್ನಡಿಯಲ್ಲಿ ಎರಡು ಸಲ ಮುಖ ನೋಡಿಕೊಂಡಿದ್ದಳು. ಕೆಳಗಿನ ಕೋಣೆಗೆ ಹೋಗಿ ಮೀಟರ್‌ನ ದಾಖಲೆ ತೆರೆದಳು. ಬುಧವಾರ ಬೆಳಿಗ್ಗೆ ಯಾರೋ ಅದನ್ನು ಎತ್ತಿದ್ದಾರೆ. ಆರು ಗಂಟೆಗಳ ಬಳಿಕ ಮತ್ತೆ ಅಲ್ಲೇ ತಂದಿಟ್ಟಿದ್ದಾರೆ.

"ಯಾರು ಮುಟ್ಟಿದ್ದು?"

ವಿಶ್ರುತ್ ಮೀಟರ್ ಕಡೆ ಬಗ್ಗಿ ನೋಡಿದ. "ನಾನೇ," ಎಂದ.

"ಯಾಕೆ?"

"ಸುಮ್ನೆ."

ಅವಳಿಗೆ ಅಳು ಬರುವಷ್ಟು ಕೋಪ ಬಂತು. ನಂಬಿದ್ದಳಲ್ಲ, ಎರಡೇ ದಿನದಲ್ಲಿ! ಬ್ಯಾಗಿಗೆ ಹಾಕಲು ಮೀಟರ್ ಎತ್ತಿಕೊಂಡಳು. ಗಾಳಿಯಾಡುವ ಸಣ್ಣ ತೂತುಗಳಲ್ಲಿ ಕೆಂಪಗೇನೋ ಮೆತ್ತಿತ್ತು. ಉಗುರಿನಿಂದ ಕೆರೆದು ನೋಡಿದಳು. ಕುಂಕುಮ.

ಅಷ್ಟರಲ್ಲಿ ಅವನ ತಾಯಿ ಅನುಸೂಯ ಮೆಟ್ಟಿಲಿಳಿದು ಬಂದರು. "ನಿನ್ನೆ ಆಯುಧ ಪೂಜೆ ಅಲ್ವೇನಮ್ಮ? ಲ್ಯಾಪ್‌ಟಾಪ್ ಜೊತೆ ನಿನ್ನ ಮೆಷಿನ್ನನ್ನೂ ಮೇಲೆ ದೇವರ ಹತ್ರ ಇಟ್ಟಿದ್ದೆ. ಅನ್ನ ಕೊಡೋ ವಸ್ತು. ಒರೆಸಿ ವಾಪಸ್ ಇಟ್ಟೆ. ಕಿಟಕಿ ಮಾತ್ರ ತೆಗೀಲಿಲ್ಲ!"

ಅನುಸೂಯ ಇಬ್ಬರ ಮುಖವನ್ನೂ ನೋಡಿ, ಏನೋ ಎಡವಟ್ಟಾಗಿದೆ ಎಂದು ತಿಳಿದು ಮೆಲ್ಲಗೆ ಮೇಲೆ ಹೋದರು.

"ಸುಳ್ಳು ಯಾಕೆ ಹೇಳಿದ್ರಿ?" ಅಪೇಕ್ಷಾ ಕೇಳಿದಳು.

"ಕುಂಕುಮ ಕಾಣ್ತು. ಬೈಸ್ಕೊಳ್ಳೋದಾದ್ರೆ ಅಮ್ಮ ಯಾಕೆ, ನಾನೇ ಬೈಸ್ಕೊಳ್ಳೋಣ ಅಂತ."

ಜಾಗ ಬಿಟ್ಟ ಮೀಟರ್‌ನ ಪರೀಕ್ಷೆ ಲೆಕ್ಕಕ್ಕಿಲ್ಲ, ಮತ್ತೊಂದಕ್ಕೆ ಮತ್ತೆ ಎರಡು ದಿನ ಬೇಕು. ನಾಳೆ ಐದಕ್ಕೆ ಗಡುವು. ಫಲಿತಾಂಶವಿಲ್ಲದಿದ್ದರೆ ಕೊಳ್ಳುವವರು ಸರಿದುಬಿಡುತ್ತಾರೆ. ಆ ಆರು ಗಂಟೆಯನ್ನು ವರದಿಯಲ್ಲಿ ಹೇಳದೆ ಬಿಟ್ಟರೆ? ಉಳಿದ ಅಂಕಿಗಳೆಲ್ಲ ಚೆನ್ನಾಗಿಯೇ ಇವೆ. ಯಾರಿಗೆ ಗೊತ್ತಾಗಬೇಕು? ಹತ್ತು ವರ್ಷದ ಕೆಲಸದಲ್ಲಿ ಇಂಥ ಯೋಚನೆ ಬಂದದ್ದು ಇದೇ ಮೊದಲು, ಬಂದದ್ದು ಈ ಗುಳಿಗೆನ್ನೆಯವನಿಗಾಗಿ. ಅವಳಿಗೆ ತನ್ನ ಮೇಲೇ ಭಯವಾಯಿತು.

"ಏನ್ ಯೋಚನೆ ಮಾಡ್ತಿದ್ದೀರಿ ಅಂತ ಗೊತ್ತು," ಎಂದ ವಿಶ್ರುತ್, ಮೆಲ್ಲಗೆ. "ಬೇಡ. ಆಮೇಲೆ ನಿಮ್ಮ ಮುಖ ನೋಡೋಕೆ ನನಗಾಗಲ್ಲ."

ಅವಳೆದುರೇ ಏಜೆಂಟ್‌ಗೆ ಫೋನ್ ಮಾಡಿದ. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಗಡುವನ್ನು ಮಂಗಳವಾರದವರೆಗೆ ವಿಸ್ತರಿಸುವುದಾಗಿ ಬರೆದುಕೊಟ್ಟ. ಮೆಲ್ಬರ್ನ್ ಆಫೀಸಿಗೆ ಎರಡು ದಿನ ತಡವಾಗುತ್ತದೆಂದು ಕೇಳಿಕೊಂಡ. ಕೊಳ್ಳುವವರಿಗೆ ಬೇಡವೆನ್ನಲು ಇನ್ನಷ್ಟು ದಿನ ಸಿಕ್ಕಿತು, ಅದನ್ನು ಕೊಟ್ಟವನು ಅವನೇ.

ಕಾರಿನಿಂದ ಬೇರೆ ಮೀಟರ್ ತಂದು ಅಪೇಕ್ಷಾ ಅದೇ ಜಾಗದಲ್ಲಿಟ್ಟಳು.

ಶನಿವಾರ ಸಂಜೆ ರೇಡಾನ್ ಮಿತಿಗಿಂತ ಎಷ್ಟೋ ಕಡಿಮೆ ಬಂದಿತ್ತು. ಅವಳು ಮೀಟರ್ ತೆಗೆದುಕೊಂಡು ಹೊರಬಂದು, ಕಾರಿನಲ್ಲೇ ಕುಳಿತು ರಿಪೋರ್ಟ್ ಬರೆದಳು. ಮೊದಲ ಪರೀಕ್ಷೆ ಏಕೆ ರದ್ದಾಯಿತೆಂಬುದನ್ನೂ ಬರೆದಳು, ಕುಂಕುಮದ ಸಮೇತ. ಸಹಿ ಹಾಕಿದಳು, ಕಳಿಸಿದಳು. ಆಮೇಲೆ ಇಳಿದು ಬಾಗಿಲು ತಟ್ಟಿದಳು.

"ಮೀಟರ್ ಆಗಲೇ ತಗೊಂಡ್ರಲ್ಲ?" ಎಂದ ವಿಶ್ರುತ್, ಆತಂಕದಿಂದ.

"ರಿಪೋರ್ಟ್‌ಗೆ ಸೈನ್ ಹಾಕಿದೆ." ಅವಳು ಒಂದೇ ಉಸಿರಿಗೆ ಮುಂದುವರಿಸಿದಳು. "ನಿಮ್ಮ ಬೈಯರ್ ಏನಂತಾರೋ ಗೊತ್ತಿಲ್ಲ. ನನಗಂತೂ ನೀವು ಇಷ್ಟ. ತಿಂಗಳಲ್ಲಿ ಎರಡು ವಾರ ನಾನೂ ಮೆಲ್ಬರ್ನ್‌ನಲ್ಲೇ ಇರ್ತೀನಿ. ಈಗ... ಕಾಫಿ ಇದೆಯಾ?"

ಮನೆಯೆಲ್ಲ ಖಾಲಿ, ಅಡುಗೆಮನೆ ಹನ್ನೊಂದು ರಟ್ಟಿನ ಡಬ್ಬಗಳಲ್ಲಿ ಟೇಪ್ ಹಾಕಿಸಿಕೊಂಡು ಕುಳಿತಿತ್ತು. ವಿಶ್ರುತ್ ಓಡಿಹೋಗಿ ಒಂದೊಂದನ್ನೇ ಹರಿಯತೊಡಗಿದ. ಹಾಲ್‌ನಲ್ಲಿ ಫೋನ್ ಹೊಡೆದುಕೊಂಡಿತು, ಏಜೆಂಟ್.

"ಅವರು ಮನೆ ತಗೋತಾರಂತೆ ಕಣೋ!" ಅನುಸೂಯ ಕೂಗಿದರು.

"ಅಮ್ಮಾ, ಅದಿರ್ಲಿ," ವಿಶ್ರುತ್ ಆರನೆಯ ಡಬ್ಬದೊಳಗೆ ತಲೆಯಿಟ್ಟೇ ಕೇಳಿದ, "ಫಿಲ್ಟರ್ ಯಾವುದ್ರಲ್ಲಿ ಹಾಕಿದ್ದೀಯ?"

ಅಪೇಕ್ಷಾ ಶೂ ಬಿಚ್ಚಿದಳು.