ಬಿರುಕಿನೊಳಗಿನ ದಾರ

"ದೋಣಿ ಬೇಕಾದ್ರೆ ಇಟ್ಕೊ ಮಗಾ. ಅಂಗಳದಲ್ಲಿ ನಿಲ್ಲಿಸಿ ಹೂಗಿಡ ನೆಡು. ಎಂಜಿನ್ನಿನ ಆ ಬಿರುಕಿನ ತಂಟೆಗೆ ಮಾತ್ರ ಹೋಗ್ಬೇಡ," ಎಂದಳು ಮುದುಕಿ ಇಂಪಿ.

ಎಂಜಿನ್ನಿನ ಮೇಲೆ ಬಗ್ಗಿದ್ದ ವೆಂಡಲ್ ತಲೆ ಕೂಡ ಎತ್ತಲಿಲ್ಲ. ಡೆಟ್ರಾಯಿಟ್ಟಿನ ಕಾರ್ಖಾನೆಯಲ್ಲಿ ಅರ್ಧ ಆಯಸ್ಸು ಎಂಜಿನ್ನುಗಳ ಜೊತೆ ಗುದ್ದಾಡಿದವನು ಅವನು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಹೆಂಡತಿ ನೋರೀನಳನ್ನು ಕರೆದುಕೊಂಡು ಸುಪೀರಿಯರ್ ಸರೋವರದ ಈ ಉತ್ತರದ ದಂಡೆಗೆ ಬಂದಿದ್ದ. ಪ್ರವಾಸಿಗಳನ್ನು ಮೀನು ಹಿಡಿಯಲು ಕರೆದೊಯ್ದು ಬದುಕುವುದು ಅವನ ಲೆಕ್ಕಾಚಾರ. ಇಂಪಿಯ ಗಂಡ ರೇನೊ ಓಡಿಸುತ್ತಿದ್ದ ಈ ಮರದ ದೋಣಿಯನ್ನು ಅವಳ ಸೋದರಳಿಯ ಹೆಚ್ಚುಕಡಿಮೆ ಪುಕ್ಕಟೆಯಾಗಿಯೇ ಅವನಿಗೆ ದಾಟಿಸಿದ್ದ. ಎಂಜಿನ್ನಿನ ಬ್ಲಾಕ್, ಅಂದರೆ ಅದರ ಎರಕದ ಒಡಲೇ, ಒಡೆದ ದೋಣಿಯನ್ನು ಬೇರೆ ಯಾರು ಮೂಸಿ ನೋಡುತ್ತಾರೆ?

"ಯಾಕಜ್ಜಿ, ಬಿರುಕಲ್ಲಿ ಹಾವೇನಾದ್ರೂ ಮೊಟ್ಟೆ ಇಟ್ಟಿದೆಯಾ?" ಎಂದ ವೆಂಡಲ್.

ಇಂಪಿ ನಗಲಿಲ್ಲ. ಶೆಡ್ಡಿನ ಬಾಗಿಲನ್ನು ದಾಟಿ ಒಳಗೂ ಬರಲಿಲ್ಲ.

ಈ ದಂಡೆಯವರದ್ದೊಂದು ಪದ್ಧತಿಯಿದೆ. ಇಲ್ಲಿನ ಹಳೆಯ ಎಂಜಿನ್ನುಗಳು ಸರೋವರದ ನೀರನ್ನೇ ಎಳೆದುಕೊಂಡು ತಣ್ಣಗಾಗುತ್ತವೆ. ಚಳಿಗಾಲಕ್ಕೆ ಮುಂಚೆ ಆ ನೀರನ್ನು ಬಸಿದು ತೆಗೆಯಬೇಕು, ಇಲ್ಲದಿದ್ದರೆ ಅದು ಒಳಗೇ ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೇ ಸೀಳುತ್ತದೆ. ಇಷ್ಟು ಎಲ್ಲ ಕಡೆಯೂ ಮಾಡುವ ಕೆಲಸ. ಇಲ್ಲಿಯವರು ಮಾತ್ರ ಬಸಿದ ನೀರನ್ನು ನೆಲಕ್ಕೆ ಚೆಲ್ಲುವುದಿಲ್ಲ. ಬಕೆಟ್ಟಿನಲ್ಲಿ ಹಿಡಿದು, ಹೊತ್ತುಕೊಂಡು ಹೋಗಿ ಸರೋವರಕ್ಕೇ ಸುರಿದು ಬರುತ್ತಾರೆ. ಯಾಕೆಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ.

"ವರ್ಷದ ಕೊನೇ ಬಲೆ ಎತ್ತೋಕೆ ಹೋದ ನಮ್ಮ ರೇನೊ," ಎಂದಳು ಇಂಪಿ. "ದೋಣಿ ಮಾತ್ರ ಖಾಲಿ ತೇಲ್ಕೊಂಡು ಬಂತು. ಎಲ್ರೂ ನೀರು ಬಸಿಯೋಕೆ ಬಂದ್ರು. ನಾನೇ ಬಿಡ್ಲಿಲ್ಲ. ಸರೋವರ ನನ್ನ ಗಂಡನ್ನ ಇಟ್ಕೊಂಡಿದೆ, ನಾನು ಅದರ ನೀರನ್ನ ಇಟ್ಕೊಂಡೆ. ಕಬ್ಬಿಣ ಸೀಳಿದಾಗ ಅವನ ಕಾಲುಚೀಲದ ದಾರ ಬಿಚ್ಚಿ, ಮೂರು ಗಂಟು ಹಾಕಿ, ಬಿರುಕಿಗೆ ತುರುಕಿ ಕಟ್ಟು ಹಾಕಿದೀನಿ. ಅದನ್ನ ಕಿತ್ರೆ ಸರೋವರ ನಿನ್ನ ಹತ್ರ ಒಂದು ಜೀವ ಕೇಳತ್ತೆ."

"ಕೇಳ್ಲಿ ಬಿಡಿ, ರಸೀದಿ ಕೊಡ್ತೀನಿ."

ಮುದುಕಿ ಅವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ, "ನಾನು ಹೇಳೋದು ಹೇಳಿದೀನಿ," ಎಂದು ಹೊರಟುಹೋದಳು. ಇಂಥ ಮಾತು ಕೇಳಿದ ಮೇಲೆ ವೆಂಡಲನಂಥವನು ಸುಮ್ಮನಿರುತ್ತಾನೆಯೇ? ಅದುವರೆಗೆ ಬ್ಲಾಕನ್ನೇ ಬದಲಾಯಿಸೋಣ ಎಂದುಕೊಂಡಿದ್ದವನು, ಈಗ ಇಕ್ಕಳ ಕೈಗೆತ್ತಿಕೊಂಡ.

ಬಿರುಕು ಬ್ಲಾಕಿನ ಪಕ್ಕದಲ್ಲಿ ಗೇಣುದ್ದ ಹರಿದಿತ್ತು. ತುದಿಯಲ್ಲಿ ಬೂದು ಬಣ್ಣದ ಉಣ್ಣೆಯ ದಾರ ಇಣುಕುತ್ತಿತ್ತು. ಎಳೆದ. ಹಲ್ಲು ಕೀಳುವಾಗಿನ ಸದ್ದಿನೊಂದಿಗೆ ಅದು ಹೊರಬಂತು, ಹಿಂದೆಯೇ ಒಂದು ಬೊಗಸೆ ನೀರು. ಜೂನ್ ತಿಂಗಳು. ಶೆಡ್ಡಿನೊಳಗೆ ಬೆವರು ಕಿತ್ತು ಬರುವ ಸೆಕೆ. ಆ ನೀರು ಮಾತ್ರ ಬೆರಳು ಸುಡುವಷ್ಟು ತಣ್ಣಗಿತ್ತು. ಒದ್ದೆ ಉಣ್ಣೆ ಮತ್ತು ಮೀನಿನ ಕರುಳಿನ ವಾಸನೆ ಶೆಡ್ಡಿನ ತುಂಬ ಹರಡಿತು.

ಅಷ್ಟರಲ್ಲಿ ನೋರೀನ್ ಊಟ ತಂದಳು. ವೆಂಡಲ್ ಮುದುಕಿಯ ಕತೆಯನ್ನೆಲ್ಲ ಅವಳ ದನಿಯಲ್ಲೇ ಅಣಕಿಸಿ ಹೇಳಿ, ದಾರವನ್ನು ಹೆಂಡತಿಯ ಮಣಿಕಟ್ಟಿಗೆ ಕಟ್ಟಿದ.

"ತಗೋ, ಮಾಟದ ಬಳೆ."

"ಥೂ, ನಾತ ಹೊಡೀತಿದೆ ಮಾರಾಯ!" ಎಂದು ಅವಳು ನಕ್ಕಳು. ಬಿಚ್ಚಲು ನೋಡಿದಳು. ಗಂಟು ಜಗ್ಗಲಿಲ್ಲ. ಆಮೇಲೆ ಕತ್ತರಿಸಿದರಾಯಿತೆಂದು ಇಬ್ಬರೂ ಮರೆತರು.

ವೆಂಡಲ್ ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದ, ಅದು ಮುಂದಕ್ಕೆ ಹರಿಯದಂತೆ. ಉದ್ದಕ್ಕೂ ಉಜ್ಜಿ, ಲೋಹದ ಅಂಟು ತುಂಬಿ, ಒಣಗಿಸಿ, ಬಣ್ಣ ಬಳಿದ. ಕೆಲಸ ಅಚ್ಚುಕಟ್ಟಾಗಿತ್ತು. ಹಾಗೆಂದು ಅವನೇ ಹೇಳಿಕೊಂಡ. ಬ್ಲಾಕಿನೊಳಗೆ ಆಗಾಗ ಟಕ್ ಟಕ್ ಎನ್ನುತ್ತಿದ್ದುದನ್ನು ಕಬ್ಬಿಣ ಬಿಸಿಲಿಗೆ ಹಿಗ್ಗುವ ಸದ್ದು ಎಂದುಕೊಂಡ.

ದೋಣಿ ನೀರಿಗಿಳಿದ ದಿನ ಗಂಡ ಹೆಂಡತಿ ಇಬ್ಬರೇ ಹೊರಟರು. ದಂಡೆ ಕಣ್ಮರೆಯಾಗುವ ಹೊತ್ತಿಗೆ ಎಲ್ಲಿಂದಲೋ ಮಂಜು ಬಂತು. ಗಾಳಿ ನಿಂತಿತು. ಹಕ್ಕಿಗಳ ಕೂಗು ನಿಂತಿತು. ನಡುಹಗಲಲ್ಲೇ ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು.

"ವೆಂಡಲ್, ಈ ದಾರದ ಒಂದು ಗಂಟು ತಾನಾಗೇ ಬಿಚ್ಕೊಳ್ತು ನೋಡು," ಎಂದಳು ನೋರೀನ್.

ಅವನು ಉತ್ತರಿಸುವ ಮೊದಲೇ ಎಂಜಿನ್ ಕೆಮ್ಮಿ ಸತ್ತುಹೋಯಿತು. ಮುಚ್ಚಳ ತೆಗೆದರೆ, ಅಂಟು ಇಡಿಯಾಗಿ ಕಿತ್ತುಬಂದಿತ್ತು. ಬಿರುಕಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಎಂಜಿನ್ ನಿಂತ ಮೇಲೆ ನೀರೆಳೆಯುವ ಪಂಪೂ ನಿಲ್ಲಬೇಕು, ನೀರೂ ನಿಲ್ಲಬೇಕು. ನಿಲ್ಲಲಿಲ್ಲ. ಮೊಣಕಾಲಿಗೆ ಬಂತು. ಹಿಮದ ನೀರು. ಅದೇ ಉಣ್ಣೆಯ ವಾಸನೆ.

"ಬಟ್ಟೆ ಒತ್ತಿ ಹಿಡ್ಕೋ! ಗಟ್ಟಿಯಾಗಿ!" ಎಂದು ಕೂಗಿ ಅವನು ಬಕೆಟ್ಟಿಗೆ ಓಡಿದ.

ನೋರೀನ್ ಅಂಗೈಯಿಂದ ಬಿರುಕನ್ನು ಒತ್ತಿ ಹಿಡಿದಳು. ಎರಡನೇ ಗಂಟು ಬಿಚ್ಚಿಕೊಂಡಿತು.

"ವೆಂಡಲ್." ಅವಳ ದನಿ ತೀರ ಸಣ್ಣಗಿತ್ತು. "ಒಳಗಿಂದ ಯಾರೋ ನನ್ನ ಕೈ ಹಿಡ್ಕೊಂಡಿದಾರೆ."

ಅವನು ತಿರುಗಿದ. ಚಾಕು ಎಲ್ಲಿ? ದಾರ ಕತ್ತರಿಸಬೇಕು. ಪೆಟ್ಟಿಗೆ ತೆರೆದ. ಚಾಕು ಸಿಕ್ಕಿತು. ಮಂಜು ನಡುವೆ ನುಗ್ಗಿತು. ಟಕ್. ಟಕ್. ಟಕ್. ನೋರೀನ್! ಬಿದ್ದ ಸದ್ದಿಲ್ಲ. ನೀರು ಕಲಕಿದ ಸದ್ದೂ ಇಲ್ಲ.

ಮಂಜು ಸರಿಯಿತು. ದೋಣಿಯೊಳಗೆ ಒಂದು ಹನಿ ನೀರಿರಲಿಲ್ಲ. ನೋರೀನ್ ಇರಲಿಲ್ಲ. ಬಿರುಕು ಬಿಗಿಯಾಗಿ ಮುಚ್ಚಿತ್ತು. ಅದರ ತುದಿಯಲ್ಲಿ ಬೂದು ದಾರ ಇಣುಕುತ್ತಿತ್ತು.

ಎಂಜಿನ್ ತಾನಾಗಿಯೇ ಶುರುವಾಯಿತು. ಹೊಸದರಂತೆ ಓಡಿತು.

ದಂಡೆಯಲ್ಲಿ ಜನ ಸೇರಿದ್ದರು. ಎರಡು ವರ್ಷದ ಹಿಂದೆ ಹೋದ ರೇನೊ ಮರಳಿನ ಮೇಲೆ ಮಲಗಿದ್ದ. ಬೂಟು ಕೂಡ ಕಳಚಿರಲಿಲ್ಲ, ಚರ್ಮ ಕೂಡ ಕೆಟ್ಟಿರಲಿಲ್ಲ. ಇಂಪಿ ಅವನ ಸತ್ತ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಉಜ್ಜುತ್ತಿದ್ದಳು. ಮಣ್ಣು ಮಾಡಲಿಕ್ಕಾದರೂ ಗಂಡ ಸಿಕ್ಕಿದ್ದ.

ವೆಂಡಲ್ ಅವಳ ಕಾಲ ಬಳಿ ಕುಸಿದ. "ಕಿತ್ತರೆ ಬರ್ತಾಳಾ ಅಜ್ಜಿ? ಆ ದಾರ ನಾನೇ ಕಿತ್ತರೆ?"

"ಕಟ್ಟಿದೋರ ಕೈಗೆ ಅದು ಬರಲ್ಲ." ಇಂಪಿ ಅವನ ಮುಖ ನೋಡಲಿಲ್ಲ. "ಬೇಡ ಅಂದದ್ದನ್ನ ಮಾಡೋನ ಕೈಗೇ ಬರೋದು."

ಆಗ ಅವನಿಗೆ ಅರ್ಥವಾಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಮುದುಕಿ ತನ್ನನ್ನು ಅಳೆದು ನೋಡಿದ್ದಳು. ಅಳತೆ ಸರಿಯಾಗಿತ್ತು.

ಚಳಿಗಾಲ ಬಂತು. ಊರವರು ಬಕೆಟ್ ಹಿಡಿದು ಸರೋವರಕ್ಕೆ ನಡೆದರು. ವೆಂಡಲ್ ನೀರು ಬಸಿಯಲಿಲ್ಲ. ಎಂಜಿನ್ನಿಗೆ ಕಂಬಳಿ ಹೊದಿಸಿ, ಪಕ್ಕದಲ್ಲೊಂದು ಹೀಟರ್ ಇಟ್ಟು, ಹಿಮ ಕರಗುವವರೆಗೂ ಅಲ್ಲೇ ಮಲಗಿದ. ಒಳಗೆ ಅವಳಿಗೆ ಚಳಿಯಾಗಬಾರದಲ್ಲ. ಅವನು ಕಂಬಳಿಯ ಮೇಲೆ ಕೈಯಿಟ್ಟಾಗಲೆಲ್ಲ ಒಳಗಿನಿಂದ ಮೆಲ್ಲಗೆ ಟಕ್ ಎನ್ನುತ್ತಿತ್ತು.

ವಸಂತದಲ್ಲಿ ಮಾರಾಟದ ಬೋರ್ಡು ನೋಡಿ ಒಬ್ಬ ತರುಣ ಬಂದ. ಜೊತೆಗೆ ಹೊಸದಾಗಿ ಮದುವೆಯಾದ ಹುಡುಗಿ, ಮಾತುಮಾತಿಗೂ ನಗುವವಳು. ಅವಳ ನಗು ಕೇಳಿ ವೆಂಡಲನಿಗೆ ನೋರೀನಳ ನಗು ನೆನಪಾಯಿತು. ದೋಣಿ ಕೊಡುವುದಿಲ್ಲ ಎಂದುಬಿಡಬೇಕು, ಈಗಲೇ ಎಂದುಬಿಡಬೇಕು. ಬಾಯಿ ತೆರೆದ.

ಟಕ್, ಎಂದಿತು ಬ್ಲಾಕು.

"ಒಂದೇ ಒಂದು ಮಾತು ಕಣಪ್ಪ," ಎಂದ ವೆಂಡಲ್, ತರುಣನ ಕಣ್ಣನ್ನೇ ನೋಡುತ್ತ. "ಎಂಜಿನ್ನಿನ ಆ ಬಿರುಕಿನ ತಂಟೆಗೆ ಮಾತ್ರ ಹೋಗ್ಬೇಡ."

ತರುಣ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆದ. "ಯಾಕೆ ತಾತ, ಒಳಗೆ ದೆವ್ವ ಇದೆಯಾ?"

ಇಬ್ಬರೂ ನಕ್ಕರು. ವೆಂಡಲ್ ಬಗ್ಗಿ, ಇಕ್ಕಳವನ್ನು ಅವನ ಕೈಗೆ ಎಟುಕುವಲ್ಲಿ ಇಟ್ಟ.