ಕುರುಬ ಸೈಲಸ್‌ನ ರುಜು

ಹೆಣ ಸಿಕ್ಕಿದ್ದು ಸೋಮವಾರ ಬೆಳಿಗ್ಗೆ, ಕುರಿ ತೊಳೆಯುವ ಮಡುವಿನಲ್ಲಿ.

ತೊರೆಗೆ ಹಲಗೆ ಅಡ್ಡಗಟ್ಟಿ ನೀರು ನಿಲ್ಲಿಸಿದ ಜಾಗ ಅದು. ಮೊದಲು ಕಂಡವನು ಲಾಟ್ ಫೆರಿಸ್. ಯಾರದೋ ಹಳೆಯ ಕೋಟು ತೇಲಿಬಂದಿದೆ ಎಂದುಕೊಂಡು ಕೋಲಿನಿಂದ ಎಳೆದ. ಕೋಟಿನೊಳಗೆ ಅವನ ಅಕ್ಕನ ಗಂಡ ಇದ್ದ.

ಇನೋಸ್ ಮಾಸ್ಲೆನ್. ನಲವತ್ತೈದರ ಕೂಲಿಯಾಳು. ಹನ್ನೊಂದನೆಯ ವಯಸ್ಸಿನಿಂದ ಗಿಡಿಂಗ್ಸ್ ಯಜಮಾನರ ಹೊಲದಲ್ಲಿ ನೇಗಿಲು ಹಿಡಿದವನು. ಹೋದ ವರ್ಷ ಮೇವು ಕತ್ತರಿಸುವ ಯಂತ್ರ ಬಲಗೈಯ ಮೂರು ಬೆರಳು ತಿಂದಿತ್ತು. ಅಲ್ಲಿಂದೀಚೆಗೆ ಅವನಿಗೆ ಕೆಲಸ ಕೊಡುವವರಿರಲಿಲ್ಲ.

ಹೆಣ ತೊಳೆಯಲು ಕೆಜಾಯ ಪಾಬ್‌ಜಾಯ್‌ಗೆ ಕರೆ ಹೋಯಿತು. ಚಾಕ್‌ಬರ್ನ್ ಊರಿನ ಸೂಲಗಿತ್ತಿ ಅವಳು. ಹುಟ್ಟಿದವರನ್ನು ಮೊದಲು ಮುಟ್ಟುವವಳೂ, ಸತ್ತವರನ್ನು ಕೊನೆಯಲ್ಲಿ ಮುಟ್ಟುವವಳೂ ಅವಳೇ. ಐವತ್ತೊಂಬತ್ತು ವಯಸ್ಸು. ಅಕ್ಷರ ಬಾರದು. ಕಣ್ಣು ಮಾತ್ರ ಗಿಡುಗನ ಕಣ್ಣು.

ಪೊಲೀಸ್ ಟಕ್ ಬಾಗಿಲಲ್ಲೇ ನಿಂತಿದ್ದ.

"ಬೇಗ ಮುಗ್ಸಜ್ಜಿ. ಬುಧವಾರ ಪಂಚರು ಕೂರ್ತಾರೆ. ಹೇಳೋಕೇನಿದೆ? ಲಾಟ್ ಬಡಿದು ನೀರಿಗೆ ಹಾಕವ್ನೆ."

"ಯಾರು ನೋಡಿದ್ರು?"

"ಶನಿವಾರ ಬಿಯರ್ ಅಂಗಡೀಲಿ ಇಬ್ಬರೂ ಕೈ ಕೈ ಮಿಲಾಯಿಸಿದ್ದು ಇಡೀ ಊರು ನೋಡಿದೆ."

"ಕುಡಿದ ಭಾವಮೈದನನ್ನ ಮನೆಗೆ ಎಳ್ಕೊಂಡು ಹೋಗೋಕೆ ಇನೋಸ್ ಹೋಗಿದ್ದ ಕಣಪ್ಪ. ಅದಕ್ಕೇ ಕೊಲೆ ಮಾಡೋದಾದ್ರೆ ಈ ಊರಲ್ಲಿ ಭಾವಂದಿರೇ ಉಳೀತಿರ್ಲಿಲ್ಲ."

ಟಕ್ ನಗಲಿಲ್ಲ. ಲಾಟ್‌ನ ಕೈಗೆ ಆಗಲೇ ಕೋಳ ಬಿದ್ದಿತ್ತು.

ಕೆಜಾಯ ಕೆಲಸಕ್ಕೆ ತೊಡಗಿದಳು. ತಲೆಯ ಹಿಂದೆ ಗಾಯ. ದೊಣ್ಣೆಯ ಪೆಟ್ಟಲ್ಲ; ಮೂಲೆ ಹೊಡೆದಂತೆ ಮೂರು ಮೊನೆಯ ತೂತು. ಮೂಗಿನ ಹೊಳ್ಳೆಯಲ್ಲಿ ಬಿಳಿ ನೊರೆ. ಒರೆಸಿದಳು. ಮತ್ತೆ ಬಂತು.

ಬೂಟು ಬಿಚ್ಚಲು ಬಗ್ಗಿದವಳು ಹಾಗೇ ನಿಂತಳು.

"ಥರ್ಜಾ, ಇಲ್ಲಿ ಬಾ ಮಗ. ಇದನ್ನ ನೀನು ಕಟ್ಟಿದ್ದಾ?"

ಇನೋಸ್‌ನ ಹೆಂಡತಿ ಬಂದು ನೋಡಿದಳು. 

"ಬೆರಳು ಹೋದಾಗಿಂದ ಅವರ ಬೂಟು ನಾನೇ ಕಟ್ಟೋದು ಕೆಜಾಯವ್ವ. ಒಂದೇ ಗಂಟು, ತುದಿ ಒಳಗೆ ತುರುಕಿಬಿಡ್ತೀನಿ. ಇದು ಚಿಟ್ಟೆ ಗಂಟು. ನಂದಲ್ಲ."

ಕೆಜಾಯ ಬೂಟು ಎಳೆದಳು. ಕಾಲುಚೀಲದ ಅಡಿಯೆಲ್ಲ ಕೆಂಪು.

*

"ಕುರಿಗೆ ಗುರುತು ಹಾಕೋ ಕೆಮ್ಮಣ್ಣು," ಎಂದ ಟಕ್. ಆಮೇಲೆ ದನಿ ತಗ್ಗಿಸಿದ. "ಅಂದ್ರೆ... ಗಿಡಿಂಗ್ಸ್ ಯಜಮಾನ್ರ ದೊಡ್ಡಿ?"

"ಯಾಕೆ, ಹೆಸರು ಹೇಳೋಕೆ ಹೆದ್ರಿಕೆಯಾ?"

"ಅವರೇ ಊರಿನ ಬಡವರಿಗೆ ನೆರವು ಹಂಚೋ ಉಸ್ತುವಾರಿ, ಅಜ್ಜಿ. ನಂಗೂ ಹೊಟ್ಟೆಪಾಡಿದೆ."

ಕೆಜಾಯ ಕಾಲುಚೀಲಕ್ಕೆ ಸಾಬೂನು ಹಚ್ಚಿ ಒಂದು ಮೂಲೆಯನ್ನು ತಿಕ್ಕಿದಳು. ಕೆಂಪು ಬಿಟ್ಟುಕೊಂಡಿತು. ಉಳಿದ ಭಾಗವನ್ನು ಹಾಗೇ ಮಡಿಸಿ ತನ್ನ ಮಡಿಲಿಗೆ ಹಾಕಿಕೊಂಡಳು.

"ಕುರಿಯ ಬಣ್ಣಕ್ಕೆ ಕೊಬ್ಬು ಕಲಸ್ತಾರೆ. ಮಳೆಗೂ ಹೋಗಲ್ಲ, ಸಾಬೂನಿಗೂ ಹೋಗಲ್ಲ. ಇದು ಬೇರೆ."

ಟಕ್ ಹೋದ ಮೇಲೆ ಥರ್ಜಾಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ನಿನ್ನೆ ಎಲ್ಲಿಗೆ ಹೋಗಿದ್ದ?"

"ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮನೆಗೆ ಬಂದು ಬೈಬಲ್ ತಗೊಂಡು ಹೊರಟ್ರು. ಎಲ್ಲಿಗೆ ಅಂದ್ರೆ, 'ನಮ್ಮಪ್ಪನ್ನ ಹುಡುಕೋಕೆ' ಅಂದ್ರು."

ಇನೋಸ್‌ನ ಅಪ್ಪ, ಕುರುಬ ಸೈಲಸ್, ಸತ್ತು ಇಪ್ಪತ್ತು ವರ್ಷವಾಗಿತ್ತು. ಆದರೆ ಥರ್ಜಾಳ ಮಾತು ಕೆಜಾಯಳಿಗೆ ಅರ್ಥವಾಯಿತು. ಬಡವನಿಗೆ ನೆರವು ಕೊಡಬೇಕಾದದ್ದು ಅವನ ಸ್ವಂತ ಊರು ಮಾತ್ರ; ನೆರವು ಕೇಳಿದ ಪರವೂರಿನವನನ್ನು ಗಾಡಿ ಹತ್ತಿಸಿ ಅವನ ಊರಿಗೆ ಸಾಗಹಾಕುವುದು ಅಂದಿನ ಕಾನೂನು. ಇನೋಸ್ ಚಳಿಗಾಲಕ್ಕೆ ರೊಟ್ಟಿಯ ನೆರವು ಕೇಳಿದ್ದೇ ತಡ, ಊರಿನವರು ಅವನ ಮೂಲ ಕೆದಕಿದ್ದರು. 'ನಿನ್ನ ತಾಯಿ ಸುಗ್ಗಿಗೆ ಹೋದಾಗ ಹರ್ಸ್ಟ್‌ಲೀ ಊರಿನ ಬೇಲಿ ಮಗ್ಗುಲಲ್ಲಿ ನಿನ್ನ ಹೆತ್ತಳು. ನೀನು ಆ ಊರಿನವನು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ನಡಿ.' ಇನೋಸ್‌ನ ಉತ್ತರ ಒಂದೇ: ಅಪ್ಪ ಯಾವ ಊರಿನವನೋ ಮಗನೂ ಆ ಊರಿನವನು, ನನ್ನಪ್ಪ ಚಾಕ್‌ಬರ್ನ್‌ನವನೆಂದು ಇದೇ ಚರ್ಚಿನ ಮದುವೆ ಪುಸ್ತಕದಲ್ಲಿ ಬರೆದಿದೆ. ಗುರುವಾರ ನ್ಯಾಯಾಧೀಶರ ಮುಂದೆ ಅದನ್ನು ತೋರಿಸಬೇಕಿತ್ತು. ತೋರಿಸದಿದ್ದರೆ ಆರು ಜನರ ಸಂಸಾರ ಗಾಡಿ ಹತ್ತಬೇಕು.

"ಬೈಬಲ್ ಎಲ್ಲಿ?"

"ಇಲ್ಲ. ಮಡುವಿನಲ್ಲೂ ಹುಡುಕಿದ್ರು. ಸಿಕ್ಕಿಲ್ಲ."

*

ಕಾಲಿನ ಬೂಟನ್ನು ಮನುಷ್ಯ ಎಲ್ಲಿ ಬಿಡುತ್ತಾನೆ? ಮನೆಯಲ್ಲಿ. ಇಲ್ಲವೇ, ಬಿಡು ಎಂದು ಹೇಳಿಸಿಕೊಳ್ಳುವ ಕಡೆ.

ಕೆಜಾಯ ಮೊದಲು ಗಿಡಿಂಗ್ಸ್ ಮನೆಯ ಹಿಂಬಾಗಿಲಿಗೆ ಹೋದಳು. ಅಡುಗೆಮನೆಗೆ ಬೂಟು ಹಾಕಿಕೊಂಡು ಬಂದರೆ ಅಲ್ಲಿಯ ಅಡುಗೆಯವಳು ಪೊರಕೆ ಎತ್ತುತ್ತಿದ್ದಳು. ನೆಲ ನೋಡಿದಳು. ಬಿಳಿ ಕಲ್ಲು. ಹಾಲು ಚೆಲ್ಲಿದರೂ ಕಾಣದಷ್ಟು ಬಿಳುಪು.

"ಏನೇ ಮುದುಕಿ, ನನ್ನ ಮನೇಲಿ ಯಾರಿಗೂ ಹೆರಿಗೆ ಇಲ್ವಲ್ಲ?" ಯಜಮಾನ ಗಿಡಿಂಗ್ಸ್ ಕೋಲು ಹಿಡಿದು ಬಂದ.

"ಇನೋಸ್ ನಿನ್ನೆ ಇಲ್ಲಿಗೆ ಬಂದಿದ್ನಾ ಯಜಮಾನ್ರೆ?"

"ಅವನ್ಯಾಕೆ ಬರ್ತಾನೆ? ನಿನ್ನೆ ಹನ್ನೊಂದು ಜನ ಇಲ್ಲಿ ಊಟಕ್ಕಿದ್ರು. ಪಾದ್ರಿಗಳೇ ಇದ್ರು, ಕೇಳ್ಕೋ ಹೋಗು."

"ಅವರಪ್ಪನ ಮದುವೆ ವಿಷ್ಯ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಪುಸ್ತಕ ನೋಡು ಅಂತ ಗುಮಾಸ್ತನಿಗೆ ಹೇಳ್ದೆ. ಅಂಥ ಹೆಸರು ಇಲ್ಲದೇ ಇದ್ರೆ ಊರಿಗೇ ಒಳ್ಳೇದು ಅಂತಾನೂ ಅಂದೆ. ಅದರಲ್ಲೇನು ತಪ್ಪು?"

"ತಪ್ಪೇನಿದೆ ಯಜಮಾನ್ರೆ. ನೀವು ಬರೀ ಮಾತಾಡಿದ್ರಿ."

*

ಚರ್ಚಿನ ಗುಮಾಸ್ತ ಜೆಫ್ತಾ ಪಾಂಟಿಂಗ್. ಇಪ್ಪತ್ತು ವರ್ಷದಿಂದ ಪ್ರಾರ್ಥನೆಯ ಕೊನೆಗೆ ಎಲ್ಲರಿಗಿಂತ ಮೊದಲು ಆಮೆನ್ ಹೇಳುವ ಗಂಟಲು. ಅವನ ಮನೆ ಚರ್ಚಿಗೆ ಅಂಟಿಕೊಂಡೇ ಇತ್ತು. ಉಸ್ತುವಾರಿ ಗಿಡಿಂಗ್ಸ್‌ನ ಕೃಪೆಯಿಂದ ಸಿಕ್ಕ ಮನೆ. ಹೆಂಡತಿ ಡಾರ್ಕಸ್ ಬಾಗಿಲು ತೆರೆದಳು. ಹೆತ್ತ ನಾಲ್ಕೂ ಉಸಿರಾಡದ ಕೂಸುಗಳು. ನಾಲ್ಕನ್ನೂ ಕೆಜಾಯಳೇ ಬಟ್ಟೆಯಲ್ಲಿ ಸುತ್ತಿದ್ದಳು.

"ಅವರಿಲ್ಲ ಅವ್ವ. ಗೋರಿ ಅಳತೆಗೆ ಹೋಗವ್ರೆ."

"ನಿನ್ನನ್ನೇ ನೋಡೋಕೆ ಬಂದೆ. ಮೊಣಕಾಲು ಹೇಗಿದೆ?"

"ಏನು ಹೇಳ್ಲಿ. ಚರ್ಚಿನ ಪುಸ್ತಕ ಇಡೋ ದಫ್ತರದ ಕೋಣೆ ಸಾರಿಸಿದ ದಿನವಂತೂ ಎದ್ದು ನಿಲ್ಲೋಕೇ ಆಗಲ್ಲ. ಇಟ್ಟಿಗೆ ನೆಲ. ಶನಿವಾರ ಕೆಮ್ಮಣ್ಣು ಸಾರಿಸಿದ್ದೆ, ಕನ್ನಡಿ ಹಂಗೆ ಹೊಳೀತಿತ್ತು."

"ಬೂಟು ಬಿಟ್ಟೇ ಒಳಗೆ ಬರ್ಬೇಕೇನೋ?"

"ನಮ್ಮವರು ಬಿಡ್ತಾರಾ? ಕೂಲಿಯೋರು ಬಂದ್ರೆ ಹೊಸ್ತಿಲಲ್ಲೇ ಬೂಟು ತೆಗೆಸ್ತಾರೆ." ಡಾರ್ಕಸ್ ನಿಟ್ಟುಸಿರುಬಿಟ್ಟಳು. "ನನ್ನ ಸೊಂಟ ಮುರಿದಿದ್ದೇ ಬಂತು. ಭಾನುವಾರ ಮಧ್ಯಾಹ್ನ ಅವರೇ ನೀರು ಸುರಿದು ತೊಳೆದುಬಿಟ್ಟವ್ರೆ. ಮಸಿ ಚೆಲ್ಲಿತಂತೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ಲೋಟ ತೊಳೆದವರಲ್ಲ."

ಹೇಳಿ ನಕ್ಕಳು. ಕೆಜಾಯಳಿಗೆ ನಗಲಾಗಲಿಲ್ಲ. ಡಾರ್ಕಸ್ ಮೆಲ್ಲಗೆ ಅವಳ ಮುಖ ನೋಡಿದಳು. ನಗು ನಿಂತಿತು.

"ಯಾಕವ್ವ ಹಂಗೆ ನೋಡ್ತೀಯ?"

"ಏನಿಲ್ಲ ಮಗ. ಮೊಣಕಾಲಿಗೆ ಬಿಸಿ ಬಟ್ಟೆ ಕಟ್ಕೋ."

ಹೊರಗೆ ಬಂದು ಚರ್ಚಿನ ಹಿಂದಿನ ಗೋಡೆ ಬಗ್ಗಿ ನೋಡಿದಳು. ಗೋಡೆಯ ಬುಡದಲ್ಲೇ ತೊರೆ. ಅಲ್ಲಿಂದ ಕೈಬಿಟ್ಟ ಕಡ್ಡಿ ನೇರ ಕುರಿ ಮಡುವಿಗೆ ಹೋಗಿ ನಿಲ್ಲುತ್ತಿತ್ತು.

*

ಬುಧವಾರ ಬೆಳಿಗ್ಗೆ 'ಕಪ್ಪು ಟಗರು' ಪಾನಗೃಹದ ದೊಡ್ಡ ಕೋಣೆ. ಹನ್ನೆರಡು ಪಂಚರು. ಪಟ್ಟಣದಿಂದ ಬಂದ ಮರಣ ವಿಚಾರಣೆಯ ಅಧಿಕಾರಿ. ಮೂಲೆಯಲ್ಲಿ ಕೋಳ ತೊಟ್ಟ ಲಾಟ್. ಗಿಡಿಂಗ್ಸ್, ಪಾದ್ರಿಗಳು, ಪಾಂಟಿಂಗ್ ಮುಂದಿನ ಬೆಂಚಿನಲ್ಲಿ. ಥರ್ಜಾ ಮಕ್ಕಳೊಂದಿಗೆ ಗೋಡೆ ಬದಿ, ಅವಳ ಹಿಂದೆ ಡಾರ್ಕಸ್.

"ಹೆಣ ತೊಳೆದವಳು ನೀನೋ? ಕಂಡದ್ದನ್ನು ಹೇಳು," ಎಂದರು ಅಧಿಕಾರಿ.

ಕೆಜಾಯ ಬೂಟಿನ ಗಂಟಿನ ವಿಷಯ ಹೇಳಿದಳು. ಕಾಲುಚೀಲ ಮೇಜಿನ ಮೇಲಿಟ್ಟಳು.

"ಯಾರೋ ಇನೋಸ್‌ನ ಕಾಲಿಗೆ ಬೂಟು ತೊಡಿಸವ್ರೆ ಸ್ವಾಮಿ. ಅಂದ್ರೆ ಬೂಟು ಬಿಟ್ಟ ಜಾಗ ತೋರಬಾರದು ಅಂತ. ಕೆಮ್ಮಣ್ಣು ಸಾರಿಸಿದ ನೆಲ ಈ ಊರಲ್ಲಿ ಒಂದೇ. ಚರ್ಚಿನ ದಫ್ತರದ ಕೋಣೆ."

ಗುಸುಗುಸು ಎದ್ದಿತು. ಪಾಂಟಿಂಗ್ ಎದ್ದು ನಿಂತ. ದನಿ ಗಂಭೀರವಾಗಿತ್ತು.

"ಸ್ವಾಮಿ, ಈಕೆ ಓದು ಬರಹ ಇಲ್ಲದ ಹೆಂಗಸು. ಮಾಸ್ಲೆನ್ ಭಾನುವಾರ ನನ್ನ ಹತ್ರ ಬರಲೇ ಇಲ್ಲ. ಬಂದಿದ್ರೂ ಪ್ರಯೋಜನ ಇರಲಿಲ್ಲ. ಅವನಪ್ಪನ ಹೆಸರು ಪುಸ್ತಕದಲ್ಲಿ ಇಲ್ಲ."

"ಪುಸ್ತಕ ತರಿಸಿ ಸ್ವಾಮಿ," ಎಂದಳು ಕೆಜಾಯ. "ಸಾವಿರದ ಏಳುನೂರ ತೊಂಬತ್ತೈದು. ನನಗಾಗ ಹನ್ನೆರಡು ವರ್ಷ. ಸೈಲಸ್ ಮದುವೇಲಿ ನಾನು ಇದ್ದೆ. ರುಜು ಹಾಕು ಅಂದ್ರೆ ಎಲ್ಲರಂಗೆ ಶಿಲುಬೆ ಗೀಚದೆ ತನ್ನ ಕುರುಬರ ಕೊಕ್ಕೆಕೋಲು ಬರೆದ. ಚರ್ಚಿನಲ್ಲಿ ಇದ್ದೋರೆಲ್ಲ ನಕ್ಕುಬಿಟ್ರು."

ಪಾದ್ರಿಗಳು ಪುಸ್ತಕ ತಂದರು. ಅಧಿಕಾರಿ ಆ ವರ್ಷದ ಹಾಳೆಗಳನ್ನು ತಿರುವಿ ಬೆರಳು ನಿಲ್ಲಿಸಿದರು. ಹೊಲಿಗೆಯ ಪಕ್ಕ ಅರ್ಧ ಬೆರಳಗಲದ ಪಟ್ಟಿ. ಉಳಿದದ್ದನ್ನು ಚಾಕು ಕೊಯ್ದಿತ್ತು. ಪಟ್ಟಿಯ ಅಂಚಿನಲ್ಲಿ ಒಂದು ಸಣ್ಣ ಮಸಿಯ ಗೆರೆ, ತುದಿ ಬಾಗಿದ್ದು.

"ಅದು ಕೊಕ್ಕೆ," ಎಂದಳು ಕೆಜಾಯ.

ಕೆಜಾಯ ಪಾಂಟಿಂಗ್‌ನ ಕಡೆ ತಿರುಗಿದಳು.

"ಭಾನುವಾರ ದಫ್ತರದ ನೆಲ ತೊಳೆದದ್ದು ಯಾರಪ್ಪ?"

ಪಾಂಟಿಂಗ್ ಹೆಂಡತಿಯ ಕಡೆ ನೋಡಿದ. ಡಾರ್ಕಸ್ ಏಪ್ರನ್ ಎತ್ತಿ ಮುಖ ಮುಚ್ಚಿಕೊಂಡಳು.

"ಮಸಿ ಚೆಲ್ಲಿತ್ತು," ಎಂದ ಪಾಂಟಿಂಗ್.

"ಇರ್ಬೋದು. ಇನ್ನೊಂದು ಮಾತು ಸ್ವಾಮಿ. ತಲೆಯ ಗಾಯದಿಂದ ಇನೋಸ್ ಸಾಯಲಿಲ್ಲ. ಒರೆಸಿದಷ್ಟೂ ಮೂಗಿನಿಂದ ನೊರೆ ಬರ್ತಿತ್ತು. ಉಸಿರಿರೋ ಮನುಷ್ಯ ನೀರು ಕುಡಿದ್ರೆ ಮಾತ್ರ ಹಂಗಾಗೋದು. ತೊರೆಗೆ ಹಾಕಿದಾಗ ಅವನು ಬದುಕಿದ್ದ."

"ಇಲ್ಲ!" ಪಾಂಟಿಂಗ್ ಕೂಗಿದ. "ಸುಳ್ಳು! ಎದೆಗೆ ಕಿವಿ ಇಟ್ಟು ನೋಡ್ದೆ. ಉಸಿರಿರಲಿಲ್ಲ. ದೇವರಾಣೆ ಉಸಿರಿರಲಿಲ್ಲ!"

ತಾನೇನು ಹೇಳಿದೆ ಎಂಬುದು ಅವನ ಕಿವಿಗೆ ಬಿದ್ದದ್ದು ಆಮೇಲೆ. ಬೆಂಚಿನ ಮೇಲೆ ಕೂತ. ಟಕ್ ಲಾಟ್‌ನ ಕೋಳ ಬಿಚ್ಚಿ ತಂದ.

*

ಉಳಿದದ್ದನ್ನು ಪಾಂಟಿಂಗ್ ತಾನೇ ಹೇಳಿದ. ಇನೋಸ್ ಹೊಸ್ತಿಲಲ್ಲಿ ಬೂಟು ಬಿಟ್ಟು, ಬೈಬಲ್ ಹಿಡಿದು ಬಂದಿದ್ದ. ಅದರ ಮೊದಲ ಪುಟದಲ್ಲಿ ಹಳೆಯ ಪಾದ್ರಿಯೊಬ್ಬರು ಮಾಸ್ಲೆನ್ ಮನೆತನದ ಹುಟ್ಟು ಸಾವುಗಳನ್ನು ಬರೆದುಕೊಟ್ಟಿದ್ದರು. ಕೆಳಗೆ ಸೈಲಸ್ ತನ್ನ ಕೊಕ್ಕೆಕೋಲು ಗೀಚಿದ್ದ. "ಅಕ್ಷರ ಬರಲ್ಲ, ಈ ಗುರುತು ಹುಡುಕ್ತೀನಿ" ಎಂದು ಇನೋಸ್ ಒಂದೊಂದೇ ಹಾಳೆ ತಿರುವಿದ. ಕೊಯ್ದ ಪಟ್ಟಿಯಲ್ಲಿ ಕೊಕ್ಕೆಯ ತುದಿ ಕಂಡಿತು. ಪಾದ್ರಿಗಳನ್ನು ಕರೆಯುತ್ತೇನೆಂದು ಪುಸ್ತಕ ಎತ್ತಿಕೊಂಡ. ಪಾಂಟಿಂಗ್ ಕಿತ್ತುಕೊಂಡು ತಳ್ಳಿದ. ಕಬ್ಬಿಣದ ಪೆಟ್ಟಿಗೆಯ ಮೂಲೆ ತಲೆಗೆ ಬಡಿಯಿತು. ಊರೆಲ್ಲ ಊಟಕ್ಕೆ ಕೂತಿದ್ದ ಹೊತ್ತು. ಗೋಡೆ ದಾಟಿಸಿದರೆ ತೊರೆ.

"ಬೈಬಲ್?" ಎಂದರು ಅಧಿಕಾರಿ.

"ಪೆಟ್ಟಿಗೆಯೊಳಗೆ, ಬಲಿಪೀಠದ ಬಟ್ಟೆಗಳ ಅಡಿಯಲ್ಲಿ. ದೇವರ ಪುಸ್ತಕ ಸುಡೋಕೆ ಕೈ ಬರಲಿಲ್ಲ."

ಥರ್ಜಾ ಬಾಯಿಗೆ ಮುಷ್ಟಿ ಅದುಮಿಕೊಂಡಳು.

"ಹಾಳೆ?"

"ಒಲೆಗೆ ಹಾಕ್ದೆ. ಅದೇ ಹಾಳೆಯ ಹಿಂದುಗಡೆ ನಮ್ಮಪ್ಪ ಅಮ್ಮನ ಮದುವೆಯೂ ಇತ್ತು." ಪಾಂಟಿಂಗ್ ತನ್ನ ಅಂಗೈ ನೋಡಿಕೊಂಡ. "ಗುಮಾಸ್ತನನ್ನ ನೀನ್ಯಾವ ಊರಿನವನು ಅಂತ ಯಾರು ಕೇಳ್ತಾರೆ ಅಂದ್ಕೊಂಡೆ."

ಪಾದ್ರಿಗಳು ಆಗಲೇ ಪುಸ್ತಕವನ್ನು ಮೊದಲಿನಿಂದ ತಿರುವುತ್ತಿದ್ದರು. ಅಂಥ ಪಟ್ಟಿಗಳು ಇನ್ನೂ ಮೂರಿದ್ದವು. ಎರಡು ವರ್ಷದಲ್ಲಿ ಊರು ಬಿಟ್ಟ ಮೂರು ಸಂಸಾರ. ಒಂದು ಸಂಸಾರದ ವಿಧವೆ ಗಾಡಿಯಲ್ಲೇ ಪ್ರಾಣ ಬಿಟ್ಟಿದ್ದಳು. ಗಿಡಿಂಗ್ಸ್ ಟೋಪಿ ಹಾಕಿಕೊಂಡು, "ನಾನು ಹಾಳೆ ಕೊಯ್ಯಿ ಅಂತ ಯಾವತ್ತೂ ಹೇಳಿಲ್ಲ" ಎಂದ. ಅದು ನಿಜವೇ ಆಗಿತ್ತು. ಕಾನೂನು ಅವನನ್ನು ಮುಟ್ಟಲಿಲ್ಲ.

ಬೈಬಲಿನ ಸಾಕ್ಷ್ಯದ ಮೇಲೆ ಥರ್ಜಾ ಮತ್ತು ಮಕ್ಕಳು ಚಾಕ್‌ಬರ್ನ್‌ನವರೇ ಎಂದು ಗುರುವಾರ ತೀರ್ಪಾಯಿತು. ಪಾಂಟಿಂಗ್‌ನನ್ನು ವಸಂತದಲ್ಲಿ ಗಲ್ಲಿಗೇರಿಸಿದರು.

ಗಲ್ಲಾದ ವಾರವೇ ಗಿಡಿಂಗ್ಸ್ ಗುಮಾಸ್ತನ ಮನೆ ಖಾಲಿ ಮಾಡಿಸಲು ಬಂದ. ಹೊಸ ಗುಮಾಸ್ತ ಬರುವವನಿದ್ದ. ಡಾರ್ಕಸ್ ಕೈಚೀಲ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಹುಟ್ಟಿದ್ದು ದೂರದ ಊರಿನಲ್ಲಿ, ಇಲ್ಲಿಯವಳಾದದ್ದು ಗಂಡನಿಂದ. ಗಂಡ ಇಲ್ಲಿಯವನೆಂಬುದಕ್ಕೆ ಹಾಳೆ ಇರಲಿಲ್ಲ.

"ಹೊಟ್ಟೆಗೆ ಏನು ಮಾಡ್ಕೊಳ್ತೀಯಮ್ಮ?" ಗಿಡಿಂಗ್ಸ್ ಮೆತ್ತಗೆ ಕೇಳಿದ. "ಊರಿನ ನೆರವು ಬೇಕು ಅನ್ನೋದಾದ್ರೆ ಕಾಗದ ನೋಡಬೇಕಾಗ್ತದೆ."

ಡಾರ್ಕಸ್ ಬಾಯಿ ತೆರೆದಳು.

"ಏನೂ ಕೇಳಬೇಡ," ಎಂದು ಹಿಂದಿನಿಂದ ದನಿ ಬಂತು. ಕೆಜಾಯ ದಾಪುಗಾಲಿಡುತ್ತ ಬರುತ್ತಿದ್ದಳು. "ಒಂದು ಚೂರು ರೊಟ್ಟಿ ಕೂಡ ಕೇಳಬೇಡ. ಕೇಳದೇ ಇರೋರನ್ನ ಗಾಡಿ ಹತ್ತಿಸೋ ಕಾನೂನು ಇಲ್ಲ. ಅಲ್ವಾ ಯಜಮಾನ್ರೆ?"

ಗಿಡಿಂಗ್ಸ್ ಬಾಗಿಲಿಗೆ ಬೀಗ ಹಾಕತೊಡಗಿದ.

ಡಾರ್ಕಸ್ ತಲೆ ಎತ್ತಲಿಲ್ಲ. "ನೀನೇ ಅವರನ್ನ ಹಿಡಿದುಕೊಟ್ಟೆ ಅವ್ವ."

"ಹೌದು ಮಗ. ನಾನೇ."

ಕೆಜಾಯ ಬಗ್ಗಿ ಅವಳ ಕೈಚೀಲ ಎತ್ತಿಕೊಂಡಳು.

"ಗಿರಣಿ ಮನೆಯವಳಿಗೆ ಬೆಳಿಗ್ಗೆಯಿಂದ ಹೆರಿಗೆ ನೋವು ಶುರುವಾಗಿದೆ. ನನ್ನ ಕಣ್ಣು ಇನ್ನೂ ಗಟ್ಟಿ. ಕೈ ಸೋತಿದೆ, ಜೊತೆಗೊಬ್ಬಳು ಬೇಕು. ಎದ್ದು ಬಾ."

ಡಾರ್ಕಸ್ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದಳು.